ಒಂದು ಮಿಲಿಮೀಟರ್ ಲೆಕ್ಕ: ಕಳೆ ಮಷಿನ್ನಿಗೆ ಪೋರ್ಟಿಂಗ್ ಬೇಕಾ?

ಬ್ರಶ್ ಕಟರ್ ಇಟ್ಕೊಂಡವರು ಇದನ್ನ ಪುರುಸೊತ್ತು ಮಾಡ್ಕೊಂಡು ಓದಿ, ಸ್ವಲ್ಪ ಉದ್ದ ಇದೆ. ಮಳೆ ಹಿಡಿದು ತಿಂಗಳಾಯ್ತು. ತೋಟದಲ್ಲಿ, ಬ್ಯಾಣದಲ್ಲಿ ಕಳೆ ಮೊಣಕಾಲು ದಾಟಿದೆ. ಇದೇ ಹೊತ್ತಿಗೆ ನಮ್ಮ ಕಡೆ ಹುಡುಗರ ಬಾಯಲ್ಲಿ ಹೊಸದೊಂದು ಮಾತು ಓಡಾಡ್ತಾ ಇದೆ. "ಸಿಲಿಂಡರಿಗೆ ಪೋರ್ಟಿಂಗ್ ಪಾಲಿಶಿಂಗ್ ಮಾಡಿಸಿದ್ರೆ 43 ಸಿಸಿ ಮಷಿನ್ನು 52 ಸಿಸಿ ತರ ಎಳೆಯುತ್ತೆ" ಅಂತ. ಮೊಬೈಲಲ್ಲಿ ವಿಡಿಯೋ ನೋಡಿದ್ದಾರೆ, ಪೇಟೆಯಲ್ಲಿ ಬೈಕಿಗೆ ಈ ಕೆಲಸ ಮಾಡೋ ಕೈಗಳೂ ಇವೆ. ಸಿಲಿಂಡರ್ ಬಿಚ್ಚಿ ತಗೊಂಡು ಹೋಗ್ತಾರೆ, ಸಂಜೆ ಹೊತ್ತಿಗೆ ಒಳಗಡೆ ಬೆಳ್ಳಿ ಬಟ್ಟಲಿನ ಹಾಗೆ ಹೊಳೆಯೋ ಸಿಲಿಂಡರ್ ವಾಪಸ್ ಬರುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕಾರಣ ಬರೀತೀನಿ. ಪೋರ್ಟಿಂಗ್ ಅನ್ನೋದು ಸುಳ್ಳು ವಿದ್ಯೆ ಅಲ್ಲ, ದೊಡ್ಡ ವಿದ್ಯೆ. ಆದ್ರೆ ಅದು ಎಂಜಿನ್ನಿನ ಶಕ್ತಿಯನ್ನ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡೋ ವಿದ್ಯೆ. ರೇಸಿನವನಿಗೆ ಬೇಕಾದ ಜಾಗವೇ ಬೇರೆ, ಕಳೆ ಹೊಡೆಯೋನಿಗೆ ಬೇಕಾದ ಜಾಗವೇ ಬೇರೆ. ಬಾಡಿಗೆ ದುಡಿಮೆಯ ಮಷಿನ್ನಿನ ಕಿಂಡಿಗೆ ಗ್ರೈಂಡರ್ ಹಾಕಿಸೋದು ನಷ್ಟದ ವ್ಯವಹಾರ. ಅದೇ ದುಡ್ಡಲ್ಲಿ, ಎಷ್ಟೋ ಸಲ ದುಡ್ಡೇ ಇಲ್ದೆ, ಕಳೆದುಹೋದ ಶಕ್ತಿಯನ್ನ ವಾಪಸ್ ತರೋ ದಾರಿಗಳಿವೆ.

ಮೊದಲು ಎಂಜಿನ್ ಉಸಿರಾಡೋದು ಹೇಗೆ ಅಂತ ನೋಡೋಣ. ಟೂ ಸ್ಟ್ರೋಕ್‌ನಲ್ಲಿ ನಮ್ಮ ಕಾರು, ಪಂಪ್‌ಸೆಟ್ ಎಂಜಿನ್ನುಗಳ ಹಾಗೆ ವಾಲ್ವ್ ಇರಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿರ್ತವೆ, ಅವಕ್ಕೇ ಪೋರ್ಟ್ ಅನ್ನೋದು. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡ್ತಾ ಆ ಕಿಂಡಿಗಳನ್ನ ತೆಗೆಯುತ್ತೆ, ಮುಚ್ಚುತ್ತೆ. ಪಿಸ್ಟನ್ ಮೇಲೆ ಹೋಗುವಾಗ ಕಾರ್ಬುರೇಟರಿನ ಕಡೆಯಿಂದ ಗಾಳಿ, ಪೆಟ್ರೋಲು, ಎಣ್ಣೆ ಕೂಡಿದ ಮಿಶ್ರಣ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬರುತ್ತೆ. ಮೇಲೆ ಬೆಂಕಿ ಹತ್ತಿ ಪಿಸ್ಟನ್ ಕೆಳಗೆ ದೂಡಿಸಿಕೊಂಡಾಗ ಮೊದಲು ಎಕ್ಸಾಸ್ಟ್ ಕಿಂಡಿ ತೆರೆಯುತ್ತೆ, ಹೊಗೆ ಹೊರಗೆ ನುಗ್ಗುತ್ತೆ. ಇನ್ನು ಸ್ವಲ್ಪ ಇಳಿದಾಗ ಟ್ರಾನ್ಸ್‌ಫರ್ ಕಿಂಡಿಗಳು ತೆರೆದು, ಕೆಳಗೆ ಒತ್ತಿ ಇಟ್ಟಿದ್ದ ಹೊಸ ಮಿಶ್ರಣ ಮೇಲೆ ಬರುತ್ತೆ. ಹಳೆ ಹೊಗೆಯನ್ನ ಹೊರಗೆ ತಳ್ಳೋ ಕೆಲಸ ಈ ಹೊಸ ಮಿಶ್ರಣದ್ದೇ. ಹಾಗಾಗಿ ಒಂದಿಷ್ಟು ಹೊಸ ಪೆಟ್ರೋಲು ಉರಿಯದೇ ಹೊಗೆ ಜೊತೆ ಹೊರಗೆ ಹೋಗೇ ಹೋಗುತ್ತೆ. ಸಾದಾ ಟೂ ಸ್ಟ್ರೋಕ್‌ನಲ್ಲಿ ಹೀಗೆ ಹೋಗೋದು ನಾಲ್ಕನೇ ಒಂದು ಭಾಗದವರೆಗೂ ಮುಟ್ಟುತ್ತೆ. ಸೈಲೆನ್ಸರಿನ ಬಾಯಲ್ಲಿ ಪೆಟ್ರೋಲ್ ವಾಸನೆ ಬರೋದು ಅದಕ್ಕೇ.

ಇದೆಲ್ಲಾ ಎಷ್ಟು ಬೇಗ ನಡೆಯುತ್ತೆ ಅಂತ ಲೆಕ್ಕ ಹಾಕಿ. ಕಟರ್ 8,000 ಆರ್‌ಪಿಎಂನಲ್ಲಿ ಓಡ್ತಿದ್ರೆ ಸೆಕೆಂಡಿಗೆ 133 ಸುತ್ತು. ಒಂದು ಸುತ್ತಿಗೆ 7.5 ಮಿಲಿಸೆಕೆಂಡ್. ಅದರಲ್ಲಿ ಎಕ್ಸಾಸ್ಟ್ ಕಿಂಡಿ ತೆರೆದಿರೋದು 3 ಮಿಲಿಸೆಕೆಂಡ್ ಚಿಲ್ಲರೆ. ಅಷ್ಟರೊಳಗೆ ಹಳೆ ಹೊಗೆ ಹೋಗ್ಬೇಕು, ಹೊಸ ಮಿಶ್ರಣ ತುಂಬ್ಬೇಕು. ಅದಕ್ಕೇ ಈ ಎಂಜಿನ್ನಿನ ಗುಣ ಪೂರ್ತಿ ನಿಂತಿರೋದು ಕಿಂಡಿಯ ಎತ್ತರ, ಅಗಲ, ದಿಕ್ಕಿನ ಮೇಲೆ. ಕಂಪನಿಯವನು ಅದನ್ನ ಸುಮ್ನೆ ಕೊರೆದಿರಲ್ಲ.

ಈಗ ಪೋರ್ಟಿಂಗ್ ಅಂದ್ರೆ ಏನು? ಈ ಕಿಂಡಿಗಳನ್ನ ಅಗಲ ಮಾಡೋದು, ಎತ್ತರ ಮಾಡೋದು, ಒಳದಾರಿ ಸರಿ ಮಾಡೋದು. ಪಾಲಿಶಿಂಗ್ ಅಂದ್ರೆ ಆ ದಾರಿಯನ್ನ ನಯ ಮಾಡೋದು. ಎರಡನ್ನೂ ಒಂದೇ ಉಸಿರಲ್ಲಿ ಹೇಳೋದ್ರಿಂದ ಜನ ಒಂದೇ ಕೆಲಸ ಅಂದ್ಕೊಂಡಿದ್ದಾರೆ. ಅಲ್ಲ. ಪಾಲಿಶಿಂಗಿನಿಂದ ಆಗೋ ವ್ಯತ್ಯಾಸ ಸಣ್ಣದು. ಎಂಜಿನ್ನಿನ ಸ್ವಭಾವವನ್ನೇ ಬದಲಾಯಿಸೋದು ಪೋರ್ಟಿಂಗು, ಅದರಲ್ಲೂ ಎಕ್ಸಾಸ್ಟ್ ಕಿಂಡಿಯ ಮೇಲಿನ ಅಂಚು ಎತ್ತರಿಸೋದು. ನಮ್ಮ ಹುಡುಗರ ಸಿಲಿಂಡರುಗಳಲ್ಲಿ ನಡೀತಿರೋದೂ ಹೆಚ್ಚಾಗಿ ಅದೇ.

ಲೆಕ್ಕ ನೋಡಿ. 52 ಸಿಸಿ ಅಂತ ಮಾರೋ ಸಾಮಾನ್ಯ ಕಟರಿನ ಬೋರ್ 44 ಮಿ.ಮೀ., ಸ್ಟ್ರೋಕ್ 34 ಮಿ.ಮೀ. 43 ಸಿಸಿಯದ್ದು ಬೋರ್ 40, ಸ್ಟ್ರೋಕ್ ಅದೇ 34. ಅಂದ್ರೆ ಪಿಸ್ಟನ್ ಓಡಾಡೋದೇ ಹೆಬ್ಬೆರಳ ಅರ್ಧದಷ್ಟು. ಪಿಸ್ಟನ್ ಮೇಲಿನಿಂದ 23 ಮಿ.ಮೀ. ಇಳಿದಾಗ ಎಕ್ಸಾಸ್ಟ್ ತೆರೆಯುತ್ತೆ ಅಂತ ಇಟ್ಕೊಳ್ಳಿ. ಬೆಂಕಿಯ ಒತ್ತಡ ಪಿಸ್ಟನ್ನನ್ನ ತಳ್ಳೋದಕ್ಕೆ ಸಿಗೋ ದಾರಿ ಆ 23 ಮಿ.ಮೀ. ಮಾತ್ರ. ಕಿಂಡಿಯನ್ನ 1 ಮಿ.ಮೀ. ಎತ್ತರಿಸಿದ್ರೆ ಅದು 22 ಆಯ್ತು. ನೂರಕ್ಕೆ ನಾಲ್ಕು ಭಾಗ ದೂಡಿಕೆ ಅಲ್ಲೇ ಹೋಯ್ತು. ವಾಪಸ್ ಮೇಲೆ ಬರುವಾಗಲೂ ಅಷ್ಟೇ, ಕಿಂಡಿ ಮುಚ್ಚೋದು ತಡ ಆಗಿ ಹಿಡಿದಿಟ್ಟು ಒತ್ತೋ ಗಾಳಿಯೂ ಕಡಿಮೆ ಆಯ್ತು. ಆಲೆಮನೆಯಲ್ಲಿ ಕಬ್ಬನ್ನ ಪೂರ್ತಿ ಹಿಂಡೋ ಮುಂಚೆ ಗಾಣದಿಂದ ಹೊರಗೆ ಎಳೆದ ಹಾಗೆ.

ಇನ್ನೊಂದು ಸಂಗತಿ ಇದೆ, ಇದನ್ನ ಬೈಕ್ ಮೆಕ್ಯಾನಿಕ್‌ಗಳೂ ಗಮನಿಸ್ಬೇಕು. ಆರ್‌ಎಕ್ಸ್ 100 ಬೈಕಿನ ಬೋರ್ 50, ಸ್ಟ್ರೋಕ್ 50 ಮಿ.ಮೀ. ಅದರಲ್ಲಿ ಕಿಂಡಿಯನ್ನ 1 ಮಿ.ಮೀ. ಎತ್ತರಿಸಿದ್ರೆ ಅದು ತೆರೆದಿರೋ ಅವಧಿ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು 5 ಡಿಗ್ರಿ ಹೆಚ್ಚುತ್ತೆ. ಅದೇ 1 ಮಿ.ಮೀ. ನಮ್ಮ 34 ಮಿ.ಮೀ. ಸ್ಟ್ರೋಕಿನ ಕಟರಿನಲ್ಲಿ 7 ಡಿಗ್ರಿ ದಾಟುತ್ತೆ. ಒಂದೂವರೆ ಪಟ್ಟು. ಬೈಕಿನ ಮೇಲೆ ಪಳಗಿದ ಕೈ "ಒಂದೇ ಒಂದು ಮಿಲಿಮೀಟರ್ ತೆಗೆದಿದ್ದೀನಿ" ಅಂತ ನಂಬಿಕೆಯಿಂದಲೇ ಹೇಳುತ್ತೆ. ಆದ್ರೆ ಈ ಪುಟ್ಟ ಎಂಜಿನ್ನಿಗೆ ಆ ಒಂದು ಮಿಲಿಮೀಟರ್ ಒಂದಲ್ಲ.

ಹಾಗಾದ್ರೆ ಇಷ್ಟು ಕಳ್ಕೊಂಡು ರೇಸಿನವರು ಯಾಕೆ ಮಾಡ್ತಾರೆ? ಅವರಿಗೆ ಬೇಕಾಗಿರೋದು ಮೇಲಿನ ವೇಗದ ಶಕ್ತಿ. ಅತಿ ವೇಗದಲ್ಲಿ ಕಿಂಡಿ ತೆರೆದಿರೋ ಸಮಯ ಸಾಕಾಗಲ್ಲ. ಅದಕ್ಕೆ ಎತ್ತರ ಮಾಡಿ ಸಮಯ ಹೆಚ್ಚಿಸ್ಕೋತಾರೆ. ಹೊರಗೆ ಹೋದ ಹೊಸ ಮಿಶ್ರಣವನ್ನ ವಾಪಸ್ ಒಳಗೆ ತಳ್ಳೋಕೆ ಹೊಟ್ಟೆ ಉಬ್ಬಿದ ಎಕ್ಸ್‌ಪಾನ್ಶನ್ ಚೇಂಬರ್ ಸೈಲೆನ್ಸರ್ ಹಾಕ್ತಾರೆ. ಈ ವಿದ್ಯೆಯನ್ನ ಹದಕ್ಕೆ ತಂದ ದೊಡ್ಡ ಹೆಸರು ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಇಂಜಿನಿಯರ್ ವಾಲ್ಟರ್ ಕಾಡೆನ್. 1961ರ ಹೊತ್ತಿಗೆ ಅವನ 125 ಸಿಸಿ ರೇಸ್ ಎಂಜಿನ್ 25 ಅಶ್ವಶಕ್ತಿ ಕೊಡ್ತಿತ್ತು, ಅಂದ್ರೆ ಲೀಟರಿಗೆ 200. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸಿನ ಹೊತ್ತಲ್ಲಿ ದೇಶ ಬಿಟ್ಟು ಓಡಿದ. ಆ ಗುಟ್ಟೆಲ್ಲಾ ಜಪಾನಿನ ಸುಜುಕಿಗೆ ಹೋಯ್ತು, 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ಪನ್ನ ಡೆಗ್ನರ್ ಸುಜುಕಿ ಮೇಲೇ ಗೆದ್ದ.

ಈ ಕಥೆ ಯಾಕೆ ಹೇಳಿದೆ ಅಂದ್ರೆ ಮುಂದಿನ ಒಂದು ಸಂಗತಿಗೆ. 1967ರ ಸುಜುಕಿಯ 50 ಸಿಸಿ ರೇಸ್ ಬೈಕು ನಮ್ಮ ಕಟರಿನಷ್ಟೇ ಸಿಸಿಯದ್ದು. 17,000 ಆರ್‌ಪಿಎಂ ದಾಟಿ ಸುತ್ತಿ 17 ಅಶ್ವಶಕ್ತಿ ಕೊಡ್ತಿತ್ತು. ನಮ್ಮ ಕಟರು ಕೊಡೋದು 2 ಅಶ್ವಶಕ್ತಿಯ ಆಸುಪಾಸು. ಕೇಳಿದ್ರೆ ಬಾಯಲ್ಲಿ ನೀರೂರುತ್ತೆ. ಆದ್ರೆ ಆ ಬೈಕಿಗೆ ಗೇರ್ ಎಷ್ಟಿತ್ತು ಗೊತ್ತಾ? 14. ಹದಿನಾಲ್ಕು ಗೇರ್! ಯಾಕಂದ್ರೆ ಅದರ ಶಕ್ತಿಯೆಲ್ಲಾ ಒಂದು ಕಿರಿದಾದ ವೇಗದ ಪಟ್ಟಿಯಲ್ಲಿ ಮಾತ್ರ ಸಿಗ್ತಿತ್ತು. ಪಟ್ಟಿಯಿಂದ ಚೂರು ಕೆಳಗೆ ಬಿದ್ರೂ ಎಂಜಿನ್ ಸತ್ತ ಹಾಗೆ. ಆ ಪಟ್ಟಿಯೊಳಗೇ ಇಟ್ಕೊಳ್ಳೋಕೆ ಸವಾರ ಕಾಲಲ್ಲಿ ಗೇರ್ ತುಳೀತಾನೇ ಇರ್ಬೇಕಿತ್ತು.

ನಿಮ್ಮ ಬ್ರಶ್ ಕಟರಿಗೆ ಗೇರ್ ಎಷ್ಟಿದೆ? ಒಂದೂ ಇಲ್ಲ. ತಲೆಯಲ್ಲಿರೋ ಬೆವೆಲ್ ಗೇರಿನ ಅನುಪಾತ ಬದಲಾಗಲ್ಲ. 4,000 ಆರ್‌ಪಿಎಂ ಆಸುಪಾಸಲ್ಲಿ ಕ್ಲಚ್ ಹಿಡಿಯುತ್ತೆ, ಅಲ್ಲಿಂದ ಮೇಲಕ್ಕೆ ಎಲ್ಲಾ ನಿಮ್ಮ ಬೆರಳಿನ ಮೇಲೆ. ಖಾಲಿ ಗಾಳಿಯಲ್ಲಿ ರೇಸ್ ಮಾಡಿದ್ರೆ ಪೋರ್ಟಿಂಗ್ ಆದ ಮಷಿನ್ನು ಕಿರುಚುತ್ತೆ, ಖುಷಿಯಾಗುತ್ತೆ. ವಿಡಿಯೋದಲ್ಲಿ ತೋರಿಸೋದೂ ಅದನ್ನೇ. ಆದ್ರೆ ಕಾಂಗ್ರೆಸ್ ಗಿಡದ ಹಿಂಡಿಗೆ, ಲಂಟಾನದ ಬುಡಕ್ಕೆ, ನೆನೆದು ಮಲಗಿದ ಹುಲ್ಲಿಗೆ ಬ್ಲೇಡು ಕೊಟ್ಟ ಕೂಡಲೇ ವೇಗ ಇಳಿಯುತ್ತೆ. ಇಳಿದಾಗ ಹಿಡಿದು ಎಳೆಯೋ ಶಕ್ತಿ, ನಾವು ಟಾರ್ಕ್ ಅಂತೀವಲ್ಲ, ಅದು ಬೇಕಾಗಿರೋದು ಅಲ್ಲಿ. ಕಿಂಡಿ ಎತ್ತರಿಸಿದವನು ತೆಗೆದುಹಾಕಿರೋದು ಸರಿಯಾಗಿ ಅದನ್ನೇ. ಮಷಿನ್ನು "ಬ್ವಾಂ" ಅಂತ ಕೂತುಬಿಡುತ್ತೆ, ನೀವು ಬ್ಲೇಡ್ ಹಿಂದೆ ತಗೊಂಡು ರೇಸ್ ಕೊಟ್ಟು ಮತ್ತೆ ಹಾಕ್ತೀರಿ. ದಿನಕ್ಕೆ ಸಾವಿರ ಸಲ. ಕ್ಲಚ್ ಶೂ ಸವೆಯುತ್ತೆ, ಪೆಟ್ರೋಲು ಹೆಚ್ಚು ಕುಡಿಯುತ್ತೆ, ಕೆಲಸ ಮಾತ್ರ ಮೊದಲಿನಷ್ಟೇ.

ಎದುರು ಮಾತೂ ಹೇಳ್ಬೇಕು, ಇಲ್ದಿದ್ರೆ ನ್ಯಾಯ ಅಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ಮರ ಕಡಿಯೋರು ಪೋರ್ಟಿಂಗ್ ಮಾಡಿದ ಚೈನ್ ಗರಗಸವನ್ನ ದಿನದ ಕೆಲಸಕ್ಕೇ ಬಳಸ್ತಾರೆ, ಅದಕ್ಕೂ ಗೇರ್ ಇಲ್ಲ. ನಿಜ. ಆದ್ರೆ ಅಲ್ಲಿ ಅದನ್ನ ಮಾಡೋರು ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ ಅಳೆದು, ಟಾರ್ಕ್ ಉಳಿಯೋ ಹಾಗೆ ಸಣ್ಣಸಣ್ಣ ಬದಲಾವಣೆ ಮಾಡ್ತಾರೆ, ಕಳೆದುಹೋದ ಒತ್ತಡವನ್ನ ಬೇರೆ ಕಡೆಯಿಂದ ವಾಪಸ್ ತರ್ತಾರೆ. ಕಾರ್ಬುರೇಟರನ್ನ ಮತ್ತೆ ಹೊಂದಿಸ್ತಾರೆ. ದೊಡ್ಡ ಮರದಲ್ಲಿ ಒಂದೇ ಸಮನೆ ಮೇಲಿನ ವೇಗದಲ್ಲಿ ಓಡೋ ಗರಗಸ ಅದು. ನಮ್ಮದು ನಿಮಿಷಕ್ಕೆ ಹತ್ತು ಸಲ ಏರಿಳಿಯೋ ಕೆಲಸ. ನಮ್ಮ ಮೆಕ್ಯಾನಿಕ್‌ಗಳ ಕೈಗುಣವನ್ನೂ ನಾನು ಹಳಿಯಲ್ಲ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಶುರುವಿನಿಂದ 1996ರವರೆಗೆ ಜಾವಾ, ಯೆಜ್ಡಿ ಟೂ ಸ್ಟ್ರೋಕ್ ಬೈಕು ಮಾಡ್ತಿತ್ತು. ಆರ್‌ಎಕ್ಸ್ 100 ಬಂದಿದ್ದು 1985ರಲ್ಲಿ. ಆ ಬೈಕುಗಳ ಮೇಲೆ ಪಳಗಿದ ಕೈಗಳು ನಮ್ಮ ಪ್ರತಿ ಪೇಟೆಯಲ್ಲೂ ಇವೆ. ಆ ಬೈಕುಗಳಿಗೆ ನಾಲ್ಕು ಗೇರಾದ್ರೂ ಇದ್ವು. ಆ ವಿದ್ಯೆ ಆ ಬೈಕಿಗೆ ಸರಿ.

ಈಗ ನಮ್ಮೂರಿನ ಒಬ್ಬ ಹುಡುಗನ ವಿಷಯ. ಹೆಸರು ಬೇಡ. ಎರಡು ಎಕರೆ ಜಮೀನು, ಅದರಲ್ಲಿ ಮನೆ ನಡೆಯಲ್ಲ. ಮಳೆಗಾಲದಲ್ಲಿ ಕಟರ್ ಹೆಗಲಿಗೆ ಹಾಕ್ಕೊಂಡು ಊರೆಲ್ಲಾ ಕಳೆ ಹೊಡೀತಾನೆ. ವರ್ಷದ ಗಂಟು ಅವನಿಗೆ ಸಿಗೋದು ಆ ಮೂರ್ನಾಲ್ಕು ತಿಂಗಳಲ್ಲಿ. ಹೋದ ವರ್ಷ ಆಷಾಢದಲ್ಲಿ ಪೇಟೆಯಲ್ಲೊಬ್ಬರ ಹತ್ರ ಪೋರ್ಟಿಂಗ್ ಮಾಡಿಸ್ಕೊಂಡ. ಹದಿನೈದು ದಿನಕ್ಕೆ ಮಷಿನ್ ಜಾಮ್ ಆಯ್ತು. ಸಿಲಿಂಡರ್ ತಂದು ನನ್ನ ಜಗಲಿ ಮೇಲಿಟ್ಟ. ಬೆಳಕಿಗೆ ಹಿಡಿದು ನೋಡಿದ್ವಿ. ಎಕ್ಸಾಸ್ಟ್ ಕಿಂಡಿಯನ್ನ ಮೇಲಕ್ಕೂ ಅಗಲಕ್ಕೂ ತೆಗೆದಿದ್ರು. ಅಂಚು ಬ್ಲೇಡಿನ ಹಾಗೆ ಚೂಪು. ಕಿಂಡಿಯ ಸುತ್ತ ಗೋಡೆಯ ಲೇಪ ಚಕ್ಕೆ ಎದ್ದಿತ್ತು. ರಿಂಗಿನ ಒಂದು ತುದಿ ಮುರಿದು ಪಿಸ್ಟನ್ ಮೇಲೆ ಗೀರಿ ಎಳೆದಿತ್ತು.

ಇಲ್ಲಿ ಮೂರು ಸಂಗತಿ ಅರ್ಥ ಮಾಡ್ಕೊಳ್ಳಿ. ಒಂದು, ಈ ಸಿಲಿಂಡರುಗಳು ಅಲ್ಯುಮಿನಿಯಂ. ಒಳಗೋಡೆಗೆ ಕ್ರೋಮ್ ಅಥವಾ ನಿಕ್ಕಲ್ ಸಿಲಿಕಾನ್ ಕಾರ್ಬೈಡಿನ ತೆಳು ಗಟ್ಟಿ ಲೇಪ ಇರುತ್ತೆ. ಬೀಡು ಕಬ್ಬಿಣದ ಸ್ಲೀವ್ ಇರೋ ಸಿಲಿಂಡರಾದ್ರೆ ಗೀರು ಬಿದ್ರೂ ಬೋರ್ ಹೊಡೆಸಿ ದೊಡ್ಡ ಪಿಸ್ಟನ್ ಹಾಕ್ಬಹುದು. ಲೇಪದ್ದಕ್ಕೆ ಆ ದಾರಿ ಇಲ್ಲ. ಗ್ರೈಂಡರ್ ತುದಿ ಒಳಗಿಂದ ಹೊರಗೆ ಜಾರಿ ಲೇಪ ಎದ್ರೆ ಸಿಲಿಂಡರ್ ಗುಜರಿಗೆ. ಎರಡು, ಪಿಸ್ಟನ್ ರಿಂಗು ಕಿಂಡಿ ಎದುರು ಹಾಯುವಾಗ ಪ್ರತಿ ಸಲ ಸ್ವಲ್ಪ ಹೊರಗೆ ಉಬ್ಬುತ್ತೆ. ಕಿಂಡಿ ಅಗಲ ಬೋರಿನ ನೂರಕ್ಕೆ 60-65 ಭಾಗ ದಾಟಿದ್ರೆ ರಿಂಗು ಸಿಕ್ಕಿಹಾಕ್ಕೊಳ್ಳೋ ಅಪಾಯ ಜಾಸ್ತಿ. ಅಂಚನ್ನ ಇಳಿಜಾರು ಮಾಡಿ ನಯ ಮಾಡದೇ ಬಿಟ್ರೆ ರಿಂಗು ಪ್ರತಿ ಸುತ್ತಲ್ಲೂ ಆ ಚೂಪಿಗೆ ಬಡಿಯುತ್ತೆ, ಸೆಕೆಂಡಿಗೆ 133 ಸುತ್ತು ಅನ್ನೋದು ನೆನಪಿರಲಿ. ಮೂರು, ರಿಂಗಿನ ಎರಡು ತುದಿ ಕೂಡೋ ಜಾಗದಲ್ಲಿ ಪಿಸ್ಟನ್ನಿಗೆ ಒಂದು ಪಿನ್ ಇರುತ್ತೆ, ಆ ತುದಿ ಯಾವ ಕಿಂಡಿಯ ಎದುರೂ ಬರಬಾರದು ಅಂತ. ಕಿಂಡಿಯನ್ನ ಆ ಕಡೆಗೆ ಅಗಲ ಮಾಡಿದ್ರೆ ರಿಂಗಿನ ತುದಿ ಕಿಂಡಿಯೊಳಗೆ ಇಣುಕಿ ಮುರಿಯುತ್ತೆ.

ಆ ಹುಡುಗನಿಗೆ ಹೋಗಿದ್ದು ಸಿಲಿಂಡರು, ಪಿಸ್ಟನ್ನಿನ ದುಡ್ಡು ಮಾತ್ರ ಅಲ್ಲ. ಸಾಮಾನು ಬರೋ ತನಕ ಕೂತ ದಿನಗಳು, ಆ ದಿನಗಳಲ್ಲಿ ಬೇರೆಯವರ ಪಾಲಾದ ಖಾಯಂ ಮನೆಗಳು. ಕಳೆ ಯಾರಿಗೂ ಕಾಯಲ್ಲ.

ಇನ್ನು ಪಾಲಿಶಿಂಗ್. ಹೊಳೆಯೋದೆಲ್ಲಾ ಶಕ್ತಿ ಅಂತ ನಂಬೋರಿಗೆ ಹೇಳ್ತೀನಿ. ಎಕ್ಸಾಸ್ಟ್ ದಾರಿ ನಯ ಇದ್ರೆ ಮಸಿ ಸ್ವಲ್ಪ ತಡವಾಗಿ ಅಂಟುತ್ತೆ, ಅಷ್ಟರ ಮಟ್ಟಿಗೆ ಉಪಯೋಗ ಉಂಟು. ಒಳಬರೋ ದಾರಿಯನ್ನ ಕನ್ನಡಿ ಮಾಡಿದ್ರೆ ಲಾಭ ಇಲ್ಲ. ಅಲ್ಲಿ ಓಡೋದು ಬರೀ ಗಾಳಿ ಅಲ್ಲ, ಪೆಟ್ರೋಲಿನ ಹನಿಗಳೂ ಜೊತೆಗಿರ್ತವೆ. ತೀರಾ ನಯವಾದ ಗೋಡೆಗೆ ಹನಿ ಅಂಟಿ ಪದರವಾಗಿ ಹರಿಯುತ್ತೆ, ತುಸು ತರಿ ಇದ್ರೆ ಗಾಳಿಯಲ್ಲೇ ಬೆರೆತು ಹೋಗುತ್ತೆ. ಟ್ರಾನ್ಸ್‌ಫರ್ ಕಿಂಡಿಗಳ ವಿಷಯದಲ್ಲಿ ನಯಕ್ಕಿಂತ ದಿಕ್ಕು ಮುಖ್ಯ. ಹೊಸ ಮಿಶ್ರಣ ಎಕ್ಸಾಸ್ಟಿನ ಎದುರು ಗೋಡೆಗೆ ಹೊಡೆದು, ಮೇಲೇರಿ, ಸುತ್ತಿ ಬಂದು ಹೊಗೆಯನ್ನ ತಳ್ಳೋ ಹಾಗೆ ಅವುಗಳ ಕೋನ ಇಟ್ಟಿರ್ತಾರೆ. 1920ರ ದಶಕದಲ್ಲಿ ಜರ್ಮನಿಯ ಅಡಾಲ್ಫ್ ಶ್ನೂರ್ಲೆ ಕಂಡುಹಿಡಿದ ವ್ಯವಸ್ಥೆ ಅದು, ಇವತ್ತಿಗೂ ನಮ್ಮ ಹೆಗಲ ಮೇಲಿನ ಮಷಿನ್ನಿನಲ್ಲಿ ನಡೀತಿರೋದು ಅದೇ. ಪಾಲಿಶ್ ಮಾಡೋ ಹುರುಪಲ್ಲಿ ಆ ಕೋನ ಕೆಡಿಸಿದ್ರೆ ಹೊಸ ಮಿಶ್ರಣ ನೇರ ಹೊರಗೆ.

ಬಿಸಿಯ ವಿಷಯ ಇನ್ನೂ ಗಂಭೀರ. ಕಿಂಡಿ ಬದಲಾದ್ರೆ ಎಂಜಿನ್ನು ಎಳ್ಕೊಳ್ಳೋ ಗಾಳಿಯೂ ಬದಲಾಗುತ್ತೆ. ಗಾಳಿ ಜಾಸ್ತಿ ಆಗಿ ಪೆಟ್ರೋಲು ಅಷ್ಟೇ ಇದ್ರೆ ಮಿಶ್ರಣ ತೆಳುವಾಗುತ್ತೆ, ಲೀನ್ ಅಂತಾರಲ್ಲ ಅದು. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆ ಬರೋದ್ರಿಂದ ಪೆಟ್ರೋಲು ಕಡಿಮೆ ಅಂದ್ರೆ ಎಣ್ಣೆಯೂ ಕಡಿಮೆ. ಬಿಸಿ ಏರುತ್ತೆ, ಪಿಸ್ಟನ್ನು ಎಕ್ಸಾಸ್ಟ್ ಕಡೆ ಮೊದಲು ಹಿಡಿಯುತ್ತೆ. ಇದರ ಮೇಲೆ ಈಗಿನ ಪೆಟ್ರೋಲು. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇ20ಗೆ ಚಾಲನೆ ಕೊಟ್ರು, 20 ಭಾಗ ಎಥನಾಲ್ ಇರೋ ಪೆಟ್ರೋಲು. 1 ಕೆಜಿ ಪೆಟ್ರೋಲು ಉರಿಯೋಕೆ 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು. ಹಾಗಾಗಿ ಹಳೇ ಪೆಟ್ರೋಲಿನ ಲೆಕ್ಕಕ್ಕೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಇ20 ಹಾಕಿದ್ರೆ ಮಿಶ್ರಣ ಆಗಲೇ ತುಸು ಲೀನ್. ಅದರ ಮೇಲೆ ಪೋರ್ಟಿಂಗ್ ಅಂದ್ರೆ ಜ್ವರ ಬಂದವನಿಗೆ ಕಂಬಳಿ ಹೊದೆಸಿದ ಹಾಗೆ.

ಕಿವಿಯ ಮಾತೂ ಇದೆ. ಪೋರ್ಟಿಂಗ್ ಮಾಡಿಸಿದವರು ಅಲ್ಲಿಗೆ ನಿಲ್ಲಿಸಲ್ಲ, ಸೈಲೆನ್ಸರಿನ ಜಾಲರಿ ಕಿತ್ತು ಒಳತಟ್ಟೆಗೆ ತೂತು ಹೊಡೀತಾರೆ. ಶಬ್ದ ಜಾಸ್ತಿ ಆದ್ರೆ ಶಕ್ತಿ ಜಾಸ್ತಿ ಆದ ಹಾಗೆ ಅನ್ಸುತ್ತೆ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳೋ ಮಿತಿ ದಿನಕ್ಕೆ 8 ಗಂಟೆಗೆ 85 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದ್ರೆ ಸಮಯ ಅರ್ಧಕ್ಕೆ ಇಳಿಯುತ್ತೆ. 94 ಡೆಸಿಬಲ್‌ಗೆ 1 ಗಂಟೆ, 100ಕ್ಕೆ 15 ನಿಮಿಷ. ಹೊಸ ಕಟರೇ ಕಿವಿ ಹತ್ರ ಸುಮಾರಾಗಿ 95ರ ಆಸುಪಾಸು ಇರುತ್ತೆ. ಜಾಲರಿ ಕಿತ್ತ ಮಷಿನ್ನು ಹೊತ್ತು ಕಿವಿಗೆ ಹತ್ತಿನೂ ಇಟ್ಕೊಳ್ದೆ ಬೆಳಗ್ಗೆಯಿಂದ ಸಂಜೆವರೆಗೆ ದುಡಿಯೋ ಹುಡುಗನ ಕಿವಿ ಏನಾಗ್ಬೇಕು? ಬೇಸಿಗೆಯಲ್ಲಿ ಬ್ಯಾಣದ ಒಣಹುಲ್ಲಿಗೆ ಕಿಡಿ ಹಾರೋ ಅಪಾಯ ಬೇರೆ. ಆ ಜಾಲರಿ ಇಟ್ಟಿರೋದೇ ಕಿಡಿ ತಡೆಯೋಕೆ.

ಹಾಗಾದ್ರೆ ಎಳೆಯದ ಮಷಿನ್ನಿಗೆ ಏನು ಮಾಡ್ಬೇಕು? "ಮೊದಲಿನ ಹಾಗೆ ಎಳೀತಿಲ್ಲ" ಅಂತ ನನ್ನ ಹತ್ರ ಬಂದ ಮಷಿನ್ನುಗಳಲ್ಲಿ ಹೆಚ್ಚಿನವಕ್ಕೆ ಕಿಂಡಿ ಚಿಕ್ಕದಾಗಿದ್ದೇ ಕಾರಣ. ಆದ್ರೆ ಕಂಪನಿ ಚಿಕ್ಕದು ಮಾಡಿದ್ದಲ್ಲ, ಮಸಿ ಕಟ್ಟಿ ಚಿಕ್ಕದಾಗಿದ್ದು. ಈ ಕ್ರಮದಲ್ಲಿ ನೋಡ್ಕೊಂಡು ಹೋಗಿ.

ಮೊದಲು ಸೈಲೆನ್ಸರಿನ ಬಾಯಲ್ಲಿರೋ ಜಾಲರಿ. ಬಿಚ್ಚಿ, ತಂತಿ ಬ್ರಶ್ಶಲ್ಲಿ ಉಜ್ಜಿ, ಮತ್ತೆ ಹಾಕಿ. ಅದರ ಕಣ್ಣು ಮುಚ್ಚಿದ್ರೆ ಎಂಜಿನ್ನಿಗೆ ಮೂಗು ಕಟ್ಟಿದ ಹಾಗೆ.

ಎರಡನೇದು ಎಕ್ಸಾಸ್ಟ್ ಕಿಂಡಿಯ ಮಸಿ. ಸೈಲೆನ್ಸರ್ ಬಿಚ್ಚಿ, ಹಗ್ಗ ನಿಧಾನಕ್ಕೆ ಎಳೆದು ಪಿಸ್ಟನ್ನು ಕಿಂಡಿಯನ್ನ ಪೂರ್ತಿ ಮುಚ್ಚೋ ಹಾಗೆ ನಿಲ್ಲಿಸಿ, ಮಸಿ ಒಳಗೆ ಬೀಳಬಾರದು. ಅಡಿಕೆ ದಬ್ಬೆಯನ್ನ ಉಳಿಯ ಹಾಗೆ ಚಪ್ಪಟೆ ಕೆತ್ತಿ ಅದರಲ್ಲಿ ಕೆರೀರಿ. ಸ್ಕ್ರೂಡ್ರೈವರ್ ಹಾಕ್ಬೇಡಿ, ಪಿಸ್ಟನ್ನಿಗೆ ಗೀರು ಬೀಳುತ್ತೆ. ಕೊನೆಗೆ ಮಷಿನ್ನನ್ನ ಕಿಂಡಿ ಕೆಳಗಾಗೋ ಹಾಗೆ ಹಿಡಿದು ಪುಡಿ ಎಲ್ಲಾ ಉದುರಿಸಿ. ನಯಾಪೈಸೆ ಖರ್ಚಿಲ್ಲದ ಪೋರ್ಟಿಂಗ್ ಅಂದ್ರೆ ಇದೇ.

ಮೂರನೇದು ಏರ್ ಫಿಲ್ಟರ್. ಸ್ಪಂಜಿನದಾದ್ರೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ನಾಲ್ಕನೇದು ಗಾಳಿ ಸೋರಿಕೆ. ಕಾರ್ಬುರೇಟರಿನ ಪ್ಯಾಕಿಂಗು, ಸಿಲಿಂಡರ್ ಬುಡದ ಪ್ಯಾಕಿಂಗು, ಕ್ರ್ಯಾಂಕಿನ ಎರಡು ಸೀಲು. ಐಡಲ್‌ನಲ್ಲಿ ತಾನಾಗೇ ರೇಸ್ ಏರೋದು, ಇಳಿಯೋದು ಮಾಡಿದ್ರೆ ಇಲ್ಲೇ ಅನುಮಾನ ಪಡಿ. ಐದನೇದು ಎಣ್ಣೆ. ನಿಮ್ಮ ಪುಸ್ತಕದಲ್ಲಿ 25:1 ಅಂತ ಇದ್ರೆ 1 ಲೀಟರ್ ಪೆಟ್ರೋಲಿಗೆ 40 ಮಿ.ಲೀ., 50:1 ಅಂತ ಇದ್ರೆ 20 ಮಿ.ಲೀ. ಅಳತೆ ಬಾಟಲಿಯಲ್ಲೇ ಅಳೀರಿ, ಮುಚ್ಚಳದ ಅಂದಾಜು ಬೇಡ. ಡಬ್ಬಿ ಮೇಲೆ ಜಾಸೋ ಎಫ್‌ಡಿ ಅಂತ ಇದ್ರೆ ಮಸಿ ಕಡಿಮೆ ಕಟ್ಟೋ ಎಣ್ಣೆ ಅಂತ ತಿಳ್ಕೊಳ್ಳಿ. ಎಥನಾಲ್ ನೀರು ಹೀರುತ್ತೆ. ಹಾಗಾಗಿ ಮಿಶ್ರಣವನ್ನ ವಾರಗಟ್ಟಲೆ ಇಡಬೇಡಿ, ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಕಾರ್ಬುರೇಟರ್ ಒಣಗೋ ತನಕ ಓಡಿಸಿ ನಿಲ್ಲಿಸಿ.

ಕಡೇದು ಬ್ಲೇಡು. ಮೊಂಡು ಬ್ಲೇಡಿಗೆ ಯಾವ ಎಂಜಿನ್ ಹಾಕಿದ್ರೂ ಎಳೆಯಲ್ಲ. ಅರ್ಧ ಗಂಟೆಗೊಮ್ಮೆ ಅರ ಹಿಡಿಯೋದು ಅರ್ಧ ಅಶ್ವಶಕ್ತಿಗೆ ಸಮ ಅಂತ ನಾನು ತಮಾಷೆಗೆ ಹೇಳ್ತಿರ್ತೀನಿ, ಆದ್ರೆ ಕೆಲಸ ಮಾಡಿ ನೋಡಿದವರು ನಗಲ್ಲ.

ಸಿಲಿಂಡರ್ ಹೇಗೂ ಬಿಚ್ಚಿದ್ದೀರಿ ಅಂದ್ರೆ ಅಳತೆ ಬದಲಿಸದೇ ಮಾಡೋ ಒಂದು ಸಣ್ಣ ಕೆಲಸ ಇದೆ, ಅದಕ್ಕೆ ನನ್ನ ವಿರೋಧ ಇಲ್ಲ. ಅಗ್ಗದ ಸಿಲಿಂಡರುಗಳಲ್ಲಿ ಎರಕದ ಚೂರುಗಳು ದಾರಿಯಲ್ಲಿ ಉಳಿದಿರ್ತವೆ. ಪ್ಯಾಕಿಂಗಿನ ತೂತು ಕಿಂಡಿಗಿಂತ ಚಿಕ್ಕದಾಗಿ ಅಂಚು ದಾರಿಗೆ ಅಡ್ಡ ನಿಂತಿರುತ್ತೆ. ಎರಕದ ಚೂರನ್ನ ಹೊರಗಿನಿಂದ ಕೈ ಅರದಲ್ಲಿ ತೆಗೀರಿ, ಪ್ಯಾಕಿಂಗನ್ನ ಕಿಂಡಿ ಅಳತೆಗೆ ಕತ್ತರಿಸಿ. ಬೋರಿನ ಒಳಗೋಡೆ ಮುಟ್ಟಬೇಡಿ. ಸೀಮೆಎಣ್ಣೆ ಅಥವಾ ಪೆಟ್ರೋಲಲ್ಲಿ ತೊಳೆದು ಪುಡಿ ಒಂದು ಕಣವೂ ಉಳಿಯದ ಹಾಗೆ ಊದಿ.

ಇಷ್ಟಾದ್ಮೇಲೂ ಪೋರ್ಟಿಂಗ್ ಮಾಡಿಸ್ಲೇಬೇಕು ಅನ್ನೋ ಆಸೆ ಇದ್ರೆ ಗುಜರಿಗೆ ಹೋಗೋ ಹಳೇ ಸಿಲಿಂಡರ್ ಕೊಟ್ಟು ನೋಡಿ, ದುಡಿಯೋ ಮಷಿನ್ನಿನದು ಬೇಡ. ಕೊಡೋ ಮುಂಚೆ ಮೆಕ್ಯಾನಿಕ್‌ಗೆ ನಾಲ್ಕು ಪ್ರಶ್ನೆ ಕೇಳಿ. ಈಗಿರೋ ಕಿಂಡಿ ಎಷ್ಟು ಡಿಗ್ರಿ ತೆರೆಯುತ್ತೆ, ನೀವು ಮಾಡಿದ್ಮೇಲೆ ಎಷ್ಟಾಗುತ್ತೆ? ರಿಂಗಿನ ಪಿನ್ ಎಲ್ಲಿದೆ ನೋಡಿದ್ರಾ? ಅಂಚನ್ನ ಯಾವುದರಲ್ಲಿ ನಯ ಮಾಡ್ತೀರಿ? ಆಮೇಲೆ ಕಾರ್ಬುರೇಟರ್ ಹೊಂದಿಸಿ ಕೊಡ್ತೀರಾ? ನಾಲ್ಕಕ್ಕೂ ನೆಟ್ಟಗೆ ಉತ್ತರ ಬಂದ್ರೆ ಅವರು ವಿದ್ಯೆ ಗೊತ್ತಿರೋರು. "ಅದೆಲ್ಲಾ ಬೇಡ, ಒಂದು ಮಿಲಿಮೀಟರ್ ತೆಗೆದ್ರೆ ಸಾಕು, ಹಾರುತ್ತೆ" ಅಂದ್ರೆ ಸಿಲಿಂಡರನ್ನ ಚೀಲಕ್ಕೆ ಹಾಕ್ಕೊಂಡು ಮನೆಗೆ ಬನ್ನಿ.

ಕಟರ್ ಬಾಡಿಗೆಗೆ ಕರೆಯೋ ತೋಟದವರಿಗೂ ಒಂದು ಮಾತು. ಮಷಿನ್ನು ಎಷ್ಟು ಕಿರುಚುತ್ತೆ ಅಂತ ನೋಡಿ ಹುಡುಗನ್ನ ಆರಿಸಬೇಡಿ. ಗಂಟೆಗೆ ಎಷ್ಟು ಸಾಲು ಮುಗಿಸ್ದ, ಅಡಿಕೆ ಸಸಿಯ ಬುಡ ಉಳಿಸಿದ್ನಾ, ಅದನ್ನ ನೋಡಿ. ಆ ಹುಡುಗರಿಗೆ ಈ ಪೋರ್ಟಿಂಗ್ ಹುಚ್ಚು ಹಿಡಿದಿರೋದ್ರಲ್ಲಿ "ಆ ಮಷಿನ್ ಫಾಸ್ಟು" ಅನ್ನೋ ನಮ್ಮ ಬಾಯಿಮಾತಿನ ಪಾಲೂ ಇದೆ. ಕಿವಿಗೆ ಹಾಕೋ ಮಫ್ ಒಂದು ನೀವೇ ತಂದಿಟ್ಟು ಕೆಲಸಕ್ಕೆ ಬಂದವರಿಗೆ ಕೊಡಿ, ಅದಕ್ಕೆ ದೊಡ್ಡ ಖರ್ಚಿಲ್ಲ.

ನಿಮ್ಮ ಕಡೆ ಯಾರಾದ್ರೂ ಡಿಗ್ರಿ ಚಕ್ರ ಕಟ್ಟಿ ಅಳೆದು ಕಟರಿಗೆ ಪೋರ್ಟಿಂಗ್ ಮಾಡಿ, ಎರಡು ಮಳೆಗಾಲ ದುಡಿಸಿ ನೋಡಿದ್ದಿದ್ರೆ ಕೆಳಗೆ ಬರೀರಿ. ಲೀಟರಿಗೆ ಎಷ್ಟು ಗುಂಟೆ ಹೊಡೀತು ಅನ್ನೋ ಲೆಕ್ಕ ಇರಲಿ, ವಿಡಿಯೋ ಬೇಡ. ನಾಳೆ ಬಿಸಿಲು ಕಂಡ್ರೆ ಮಷಿನ್ ಹೊರಗೆ ತಗೊಂಡು ಮೊದಲು ಆ ಜಾಲರಿ ಬಿಚ್ಚಿ ನೋಡಿ.